ಆರು ಜನರ ಮನೆ, ಐದು ದಿನಕ್ಕೊಮ್ಮೆ ನೀರು: ಬಟ್ಟೆ ಯಾವಾಗ ಒಗೆಯಬೇಕು?

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಅತ್ತೆ, ಮಾವ, ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಒಟ್ಟು ಆರು ಜನ. ಟೊಮೆಟೊ ಬೆಳೆಯುತ್ತೇವೆ, ರೇಷ್ಮೆ ಹುಳುವನ್ನೂ ಸಾಕುತ್ತೇವೆ. ನಲ್ಲಿಯಲ್ಲಿ ಐದು ದಿನಕ್ಕೊಮ್ಮೆ ಬೋರ್‌ವೆಲ್ ನೀರು ಬರುತ್ತದೆ. ಉಟ್ಟಿದ್ದನ್ನೆಲ್ಲ ದಿನಾ ಒಗೆಯಬೇಕು ಅಂತ ಅತ್ತೆ ಹೇಳುತ್ತಾರೆ. ಪಕ್ಕದ ಮನೆಯಲ್ಲಿ ಭಾನುವಾರ ಮಾತ್ರ ಒಗೆಯುತ್ತಾರೆ. ಒಗೆದೂ ಒಗೆದೂ ನನ್ನ ಅಂಗೈ ಒಡೆದಿದೆ. ಬಿಳಿ ಬಟ್ಟೆ ಎಷ್ಟು ತಿಕ್ಕಿದರೂ ಮಂಕಾಗೇ ಇರುತ್ತದೆ. ಈಗ ಸೆಮಿ ಆಟೋಮ್ಯಾಟಿಕ್ ಮೆಷಿನ್ ತಂದಿದ್ದೇವೆ. ಎಷ್ಟು ದಿನಕ್ಕೊಮ್ಮೆ ಒಗೆದರೆ ಸರಿ?

ಉತ್ತರ: ನಿಮ್ಮ ಅತ್ತೆ ಹೇಳುವುದು ಕೆಲವು ಬಟ್ಟೆಗೆ ಸರಿ, ಪಕ್ಕದ ಮನೆಯವರು ಮಾಡುವುದು ಇನ್ನು ಕೆಲವು ಬಟ್ಟೆಗೆ ಸರಿ. ಮನೆಗೆಲ್ಲ ಸೇರಿ ಒಂದೇ ಲೆಕ್ಕ ಇಡಲು ಹೋದಾಗಲೇ ತೊಂದರೆ ಶುರುವಾಗುವುದು. ಬಟ್ಟೆ ಏನನ್ನು ಮುಟ್ಟಿತು ಎಂದು ನೋಡಿ ದಿನ ಗೊತ್ತು ಮಾಡಿ. ಮೈಗೆ ಅಂಟಿಕೊಂಡಿತ್ತಾ, ಮಣ್ಣಿಗೆ ಬಿತ್ತಾ, ಔಷಧಿಗೆ ತಾಗಿತಾ, ಸುಮ್ನೆ ಒಂದು ಗಂಟೆ ಉಟ್ಟು ಬಿಚ್ಚಿದ್ದಾ? ಇದರ ಜೊತೆಗೆ ನಮ್ಮ ಕಡೆ ನೀರನ್ನೂ ನೋಡಲೇಬೇಕು. ನಿಮ್ಮ ಅಂಗೈಗೆ ಮತ್ತು ಬಿಳಿ ಬಟ್ಟೆಗೆ ಕಾರಣ ಅಲ್ಲೇ ಇದೆ.

ಮೊದಲು ದಿನಾ ಒಗೆಯಬೇಕಾದವು. ಒಳಉಡುಪು, ಬನಿಯನ್, ಕಾಲುಚೀಲ, ಮಕ್ಕಳ ಶಾಲೆಯ ಅಂಗಿ, ಅಡುಗೆ ಮನೆಯ ಒರೆಸುವ ಬಟ್ಟೆ. ಇವಕ್ಕೆ ವಿನಾಯಿತಿ ಇಲ್ಲ. ಆಗಷ್ಟೇ ಬಂದ ಬೆವರಿಗೆ ಹೆಚ್ಚು ವಾಸನೆ ಇರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಕಮಟು ಹುಟ್ಟುತ್ತದೆ. ಕಂಕುಳು, ತೊಡೆಸಂದು, ಪಾದ ಇವು ಗಾಳಿ ಕಡಿಮೆ, ತೇವ ಜಾಸ್ತಿ ಇರುವ ಜಾಗ. ಅಲ್ಲಿ ತಗಲುವ ಬಟ್ಟೆಯನ್ನು ಎರಡನೇ ದಿನ ಹಾಕಿದರೆ ತುರಿಕೆ, ಹುಳುಕಡ್ಡಿ ಬರುವ ಸಾಧ್ಯತೆ ಹೆಚ್ಚುತ್ತದೆ. ಪಾಲಿಯೆಸ್ಟರ್ ಬಟ್ಟೆ ಹತ್ತಿಗಿಂತ ಬೇಗ ನಾರುತ್ತದೆ. ಮಕ್ಕಳ ಯೂನಿಫಾರ್ಮ್ ಅಂಥದ್ದಾದರಂತೂ ಅಂಗಿ ದಿನಾ ಒಗೆಯಲೇಬೇಕು. ಪ್ಯಾಂಟು, ಲಂಗ ಎರಡು ದಿನ ಬರುತ್ತದೆ. ಇಷ್ಟೂ ಸೇರಿ ಒಂದು ಬಕೆಟ್ ಬಟ್ಟೆ ಆಗಬಹುದು ಅಷ್ಟೇ. ಇದಕ್ಕೆ ಮೆಷಿನ್ ಬೇಡ, ಸ್ನಾನದ ಹೊತ್ತಿನಲ್ಲೇ ಮುಗಿಯುತ್ತದೆ. ಹನ್ನೊಂದು ವರ್ಷದ ಮಗು ತನ್ನ ಕಾಲುಚೀಲ ತಾನೇ ಒಗೆಯಬಹುದು. ಗಂಡು ಮಗುವಾದರೂ ಅಷ್ಟೇ.

ಈಗ ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಬಟ್ಟೆಗೆ ಬರುತ್ತೇನೆ. ನೀವು ಅದನ್ನು ಪ್ರಶ್ನೆಯಲ್ಲಿ ಬೇರೆಯಾಗಿ ಕೇಳಿಲ್ಲ, ಆದರೂ ಹೇಳಲೇಬೇಕು. ಟೊಮೆಟೊಗೆ ಔಷಧಿ ಹೊಡೆದ ದಿನ ಉಟ್ಟಿದ್ದ ಬಟ್ಟೆ. ಅದನ್ನು ಅದೇ ದಿನ ಒಗೆಯಬೇಕು, ಬೇರೆಯಾಗಿ ಒಗೆಯಬೇಕು. ಮನೆಯ ಬಟ್ಟೆಗಳ ರಾಶಿಗೆ ಎಸೆಯುವ ಹಾಗೇ ಇಲ್ಲ. ಹೊರಗಡೆಯೇ ಬಿಚ್ಚಿ, ಅದಕ್ಕೇ ಇಟ್ಟ ಒಂದು ಹಳೇ ಬಕೆಟ್‌ಗೆ ಹಾಕಿ. ರಬ್ಬರ್ ಗ್ಲೌಸ್ ಹಾಕಿಕೊಂಡು ಮೊದಲು ಬರೀ ನೀರಿನಲ್ಲಿ ಅದ್ದಿ ತೆಗೆಯಿರಿ. ಆಮೇಲೆ ಬಿಸಿ ನೀರು, ಡಿಟರ್ಜೆಂಟ್ ಹಾಕಿ ಒಗೆದು, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಆ ನೀರನ್ನು ಕೊಟ್ಟಿಗೆ, ಬಾವಿ, ತರಕಾರಿ ಮಡಿ ಯಾವುದರ ಹತ್ತಿರವೂ ಚೆಲ್ಲಬೇಡಿ. ನೀರು ಬೆರೆಸದ ಔಷಧಿಯೇ ಬಟ್ಟೆ ಮೇಲೆ ಚೆಲ್ಲಿದ್ದರೆ ಆ ಬಟ್ಟೆಯ ಆಸೆ ಬಿಟ್ಟುಬಿಡಿ.

ನಿಮ್ಮದು ಹುಳು ಸಾಕುವ ಮನೆ ಬೇರೆ. ರೇಷ್ಮೆ ಹುಳು ಕೀಟನಾಶಕವನ್ನು ಸ್ವಲ್ಪವೂ ತಡೆಯುವುದಿಲ್ಲ. ತೋಟಕ್ಕೆ ಔಷಧಿ ಹೊಡೆದು ಅದೇ ಅಂಗಿಯಲ್ಲಿ ಹುಳುವಿಗೆ ಸೊಪ್ಪು ಹಾಕಲು ಹೋದರೆ ಗೂಡಿನ ಬೆಳೆಗೇ ಪೆಟ್ಟು ಬೀಳಬಹುದು. ಹುಳುಮನೆಗೆ ಒಂದೆರಡು ಜೊತೆ ಬಟ್ಟೆ ಬೇರೆ ಇಡಿ, ಅದನ್ನು ದಿನಾ ಒಗೆಯಿರಿ, ಬೇರೆ ಹಗ್ಗದ ಮೇಲೆ ಒಣಗಿಸಿ. ಇಡೀ ಮನೆಯಲ್ಲಿ ದಿನಾ ಒಗೆದರೆ ದುಡ್ಡು ಉಳಿಸುವ ಬಟ್ಟೆ ಇದೊಂದೇ ಇರಬೇಕು.

ಔಷಧಿ ಹೊಡೆಯದ ದಿನದ ಹೊಲದ ಬಟ್ಟೆಗೆ ಇಷ್ಟು ಅವಸರ ಬೇಡ. ಬೆವರು ಜಾಸ್ತಿ ಆಗಿದ್ದರೆ ಒಂದು ದಿನ, ಇಲ್ಲದಿದ್ದರೆ ಎರಡು ದಿನ. ಟೊಮೆಟೊ ಕಟ್ಟುವಾಗ, ಕೀಳುವಾಗ ಕೈಗೆ, ತೋಳಿಗೆ ಕಪ್ಪು ಹಸಿರು ಜಿಗಟು ಅಂಟುತ್ತದೆ ಅಲ್ವಾ? ಗಿಡದ ಸಣ್ಣ ರೋಮಗಳಿಂದ ಬರುವ ಅಂಟು ಅದು. ನಿಂಬೆ ಹೋಳು ತಿಕ್ಕಿದರೆ ಕೈ ಬೇಗ ತಿಳಿಯಾಗುತ್ತದೆ. ಬಟ್ಟೆಯಲ್ಲಿ ಹಳೆಯದಾಗಲು ಬಿಟ್ಟರೆ ಹಳದಿ ಹಸಿರು ಕಲೆ ನಿಂತುಬಿಡುತ್ತದೆ, ಹಾಗಾಗಿ ಕಿತ್ತ ದಿನವೇ ನೆನೆಸಿ. ಕೆಮ್ಮಣ್ಣಿಗೆ ಇದರ ಉಲ್ಟಾ. ಹಸಿ ಮಣ್ಣನ್ನು ತಿಕ್ಕಿದರೆ ನೂಲಿನ ಒಳಗೆ ಇಳಿಯುತ್ತದೆ. ಒಣಗಲು ಬಿಟ್ಟು, ಕೊಡವಿ, ಬರೀ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಆಮೇಲೆ ಸೋಪು ಮುಟ್ಟಿಸಿ.

ಉಳಿದದ್ದು ದೊಡ್ಡ ರಾಶಿ. ದಿನಾ ಒಗೆಯುವ ಅಭ್ಯಾಸ ಬಿಡಬೇಕಾದ್ದು ಇಲ್ಲೇ. ಮನೆಯಲ್ಲಿ ಉಡುವ ಸೀರೆ, ನೈಟಿ, ಲುಂಗಿ ಎರಡು ದಿನ ಬರುತ್ತವೆ. ಬೇಸಿಗೆಯಲ್ಲಿ ಒಂದೇ ದಿನ ಅನ್ನಿಸಿದರೆ ಅದೂ ಸರಿ, ಮೂಗು ಸುಳ್ಳು ಹೇಳುವುದಿಲ್ಲ. ಜೀನ್ಸ್ ನಾಲ್ಕೈದು ಸಲ. ಸ್ವೆಟರ್ ಒಳಗೆ ಅಂಗಿ ಇದ್ದರೆ ಐದಾರು ಸಲ. ಮೈ ಒರೆಸುವ ಟವೆಲ್ ಮೂರು ನಾಲ್ಕು ಸಲ, ಆದರೆ ಪ್ರತಿ ಸಲವೂ ಬಿಸಿಲಿಗೆ ಹರಡಬೇಕು. ಬಾಗಿಲ ಮೇಲೆ ಮುದ್ದೆ ಮಾಡಿ ಎಸೆದ ಟವೆಲ್ ಎರಡನೇ ದಿನಕ್ಕೇ ಮುಗ್ಗಲು ಹಿಡಿಯುತ್ತದೆ. ಒಬ್ಬರ ಟವೆಲ್ ಇನ್ನೊಬ್ಬರಿಗೆ ಬೇಡ. ಹಾಸುವ ಬೆಡ್‌ಶೀಟ್, ದಿಂಬಿನ ಕವರ್ ವಾರಕ್ಕೊಮ್ಮೆ. ತಲೆಗೆ ಎಣ್ಣೆ ಹಚ್ಚುವವರ ದಿಂಬಿನ ಕವರ್ ವಾರಕ್ಕೆ ಎರಡು ಸಲ ಆದರೆ ಒಳ್ಳೆಯದು. ಹೊದಿಯುವ ರಗ್ಗು, ಕೌದಿ ತಿಂಗಳಿಗೋ ಎರಡು ತಿಂಗಳಿಗೋ ಸಾಕು, ನಡುವೆ ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಯುಗಾದಿಗೆ ಮುಂಚೆ ಮನೆಯ ಕೌದಿ, ಜಮಖಾನ ಎಲ್ಲ ಹೊತ್ತುಕೊಂಡು ಪಂಪ್‌ಸೆಟ್ ಹತ್ತಿರ ಹೋಗಿ, ಕರೆಂಟ್ ಬಂದಾಗ ಮೋಟರ್ ಬಿಟ್ಟು ಒಗೆಯುವ ಪದ್ಧತಿ ನಮ್ಮ ಊರುಗಳಲ್ಲಿ ಇದೆಯಲ್ಲ, ಅದು ತುಂಬ ಒಳ್ಳೆಯ ಪದ್ಧತಿ. ಭಾರದ ಬಟ್ಟೆಗೆ ಹರಿಯುವ ನೀರು ಬೇಕು.

ಮದುವೆಗೆ ಎರಡು ಗಂಟೆ ಉಟ್ಟ ರೇಷ್ಮೆ ಸೀರೆಯನ್ನು ನೀರಿಗೆ ಹಾಕಬೇಡಿ. ನೆರಳಲ್ಲಿ ಗಾಳಿಗೆ ಹರಡಿ ಮಡಿಸಿಡಿ. ಗೂಡು ಬೇಯಿಸುವ ತಾಲ್ಲೂಕಿನವರು ನೀವು, ನಿಮಗೆ ಹೇಳುವುದು ಸುಲಭ. ರೇಷ್ಮೆ ಎಳೆಯ ಮೇಲಿನ ಅಂಟನ್ನು ಬಿಡಿಸಲು ಸೋಪು, ಸೋಡಾ ಹಾಕಿ ಕುದಿಸುತ್ತಾರೆ. ಅಂಟು ಹೋದ ಮೇಲೆ ಅದೇ ಕ್ಷಾರಕ್ಕೆ ಎಳೆಯೂ ಸೋಲುತ್ತದೆ. ಅದಕ್ಕೇ ರೇಷ್ಮೆ ಸೀರೆಗೆ ಬಟ್ಟೆ ಪುಡಿ, ಸೋಡಾ ಎರಡೂ ಆಗದು.

ಇನ್ನು ನೀರು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಹಳ್ಳಿಯವಳು. ಚಿಕ್ಕವಳಿದ್ದಾಗ ಸೇದೋ ಬಾವಿ ನೀರಿನಲ್ಲಿ ಒಗೆದ ಅಪ್ಪನ ಪಂಚೆ ಹಾಲಿನ ಹಾಗೆ ಇರುತ್ತಿತ್ತು. ಬಾವಿ ಬತ್ತಿತು, ಬೋರ್ ಬಂತು. ಅದೇ ಅಮ್ಮ, ಅದೇ ಕಲ್ಲು, ಅದೇ ಸೋಪು. ಪಂಚೆ ಮಾತ್ರ ತಿಂಗಳು ತಿಂಗಳಿಗೂ ಬೂದಿ ಬಣ್ಣಕ್ಕೆ ತಿರುಗಿತು. ತನ್ನ ಕೈಯಲ್ಲಿ ಶಕ್ತಿ ಕಡಿಮೆ ಆಯಿತು ಅಂತ ಅಮ್ಮ ಇನ್ನೂ ಜೋರಾಗಿ ಕುಕ್ಕುತ್ತಿದ್ದರು. ಮುಂದೆ ನಾನು ಗೃಹವಿಜ್ಞಾನ ಓದಿ, ಅದನ್ನೇ ವರ್ಷಗಟ್ಟಲೆ ಪಾಠ ಮಾಡಿದೆ. ಗಡಸು ನೀರಿನ ಪಾಠ ಬಂದಾಗಲೆಲ್ಲ ಆ ಪಂಚೆ ಕಣ್ಣ ಮುಂದೆ ಬರುತ್ತಿತ್ತು. ತಪ್ಪು ಅಮ್ಮನ ಕೈಯದ್ದಾಗಿರಲಿಲ್ಲ. ನಿಮ್ಮ ಕೈಯದ್ದೂ ಅಲ್ಲ.

ಆಳದ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಕರಗಿರುತ್ತದೆ. ಇದನ್ನೇ ನಾವು ಉಪ್ಪು ನೀರು, ಗಡಸು ನೀರು ಅನ್ನುವುದು. ಕುಡಿಯುವ ನೀರಿನ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಆಗಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ನೀರು 500 ಇದೆ ಅಂದುಕೊಳ್ಳೋಣ. ಸೋಪು ಈ ಲವಣದ ಜೊತೆ ಸೇರಿದರೆ ಕರಗದ ಜಿಡ್ಡಾಗುತ್ತದೆ. 20 ಲೀಟರ್ ಬಕೆಟ್‌ನಲ್ಲಿರುವ ಅಷ್ಟೂ ಲವಣಕ್ಕೆ ಸುಮಾರು 60 ಗ್ರಾಂ ಶುದ್ಧ ಸೋಪು ಬಲಿಯಾಗುತ್ತದೆ. ಒಂದು ಹಿಡಿ ಸೋಪು, ಕೊಳೆಯನ್ನು ಮುಟ್ಟುವ ಮೊದಲೇ ಖರ್ಚು! ಆ ಜಿಡ್ಡು ಎಲ್ಲಿಗೆ ಹೋಗುತ್ತದೆ? ಅರ್ಧ ಬಕೆಟ್ ಅಂಚಿಗೆ, ಅರ್ಧ ಬಟ್ಟೆಯ ನೂಲಿಗೆ. ಅಲ್ಲಿ ಕೂತು ಕೊಳೆಯನ್ನು ಹಿಡಿದುಕೊಳ್ಳುತ್ತದೆ. ಬಿಳಿ ಮಂಕಾಗುವುದು, ಟವೆಲ್ ಹಪ್ಪಳದ ಹಾಗೆ ಆಗುವುದು ಇದರಿಂದ. ಅಂದರೆ ನಮ್ಮ ನೀರಿನಲ್ಲಿ ಕೊಳೆಯಾಗದ ಬಟ್ಟೆಯನ್ನು ಒಗೆದಷ್ಟೂ ಅದು ಮಂಕಾಗುತ್ತದೆ, ಸವೆಯುತ್ತದೆ. ಅತ್ತೆಗೆ ಹೇಳಬೇಕಾದ ಮಾತು ಇದೇ.

ನಿಮ್ಮ ನೀರು ಎಷ್ಟು ಗಡಸು ಎಂದು ಮನೆಯಲ್ಲೇ ನೋಡಬಹುದು. ಒಂದು ಬಾಟಲಿಯಲ್ಲಿ ಕಾಲು ಭಾಗ ಬೋರ್ ನೀರು, ಇನ್ನೊಂದರಲ್ಲಿ ಅಷ್ಟೇ ಮಳೆ ನೀರು ಹಾಕಿ. ಎರಡಕ್ಕೂ ಒಂದೇ ಅಳತೆಯ ಮೈ ಸೋಪಿನ ತುರಿ ಹಾಕಿ ಕುಲುಕಿ. ಮಳೆ ನೀರಿನಲ್ಲಿ ನೊರೆ ಬಾಯಿವರೆಗೆ ಏಳುತ್ತದೆ. ಗಡಸು ನೀರು ಮಜ್ಜಿಗೆಯಂತೆ ಕದಡಿ ನಿಲ್ಲುತ್ತದೆ. ಲೆಕ್ಕದ ಅಂಕಿ ಬೇಕಾದರೆ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕೊಡಿ.

ಹೀಗಿರುವಾಗ ಹಳೇ ಎಣ್ಣೆ ಸೋಪು ಬೋರ್ ನೀರಿಗೆ ಹೊಂದುವುದಿಲ್ಲ. ಡಿಟರ್ಜೆಂಟ್ ಪುಡಿ ಅಥವಾ ಡಿಟರ್ಜೆಂಟ್ ಬಾರ್ ಬಳಸಿ, ಅದರಿಂದ ಜಿಡ್ಡು ಕಡಿಮೆ. ಬಿಳಿ ಹತ್ತಿ ಬಟ್ಟೆಗೆ ಇನ್ನೂ ಒಂದು ಕೆಲಸ ಮಾಡಿ. ಹಿಂದಿನ ರಾತ್ರಿ 20 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಒಗೆಯುವ ಸೋಡಾ ಪುಡಿ ಕಲಸಿಡಿ. ಹರಳಿನ ಸೋಡಾ ಆದರೆ ಎರಡು ಚಮಚ. ಅಡುಗೆ ಸೋಡಾ ಅಲ್ಲ. ಬೆಳಿಗ್ಗೆಗೆ ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ, ಅದೇ ನಿಮ್ಮ ಬಟ್ಟೆ ಸೇರಬೇಕಿದ್ದ ಸುಣ್ಣದ ಅಂಶ. ಮೇಲಿನ ತಿಳಿ ನೀರು ಮಾತ್ರ ಬಗ್ಗಿಸಿಕೊಂಡು ಒಗೆಯಿರಿ. ಇದೇನೂ ಹೊಸ ವಿದ್ಯೆ ಅಲ್ಲ. ಹಿಂದೆ ಮಡಿವಾಳರು ಚೌಳು ಮಣ್ಣು ತಂದು ಬಟ್ಟೆಯನ್ನು ಉಬ್ಬೆಗೆ, ಅಂದರೆ ಹಬೆಯಲ್ಲಿ ಬೇಯಲು, ಹಾಕುತ್ತಿದ್ದರಲ್ಲ, ಚೌಳಿನಲ್ಲಿ ಇರುವುದೂ ಸೋಡಾನೇ. ಪುಸ್ತಕ ಓದದೆ ಅವರು ಕಂಡುಕೊಂಡ ರಸಾಯನಶಾಸ್ತ್ರ ಅದು. ರೇಷ್ಮೆ, ಉಣ್ಣೆಗೆ ಮಾತ್ರ ಬೇಡ.

ಹಳದಿ ಕಂದು ಚುಕ್ಕೆ ಬರುತ್ತಿದ್ದರೆ ನೀರಿನಲ್ಲಿ ಕಬ್ಬಿಣ ಇರಬಹುದು. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆ ರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಿರಿ. ಬ್ಲೀಚ್ ಮತ್ತು ನಿಂಬೆ ಅಥವಾ ವಿನೆಗರ್ ಯಾವತ್ತೂ ಒಟ್ಟಿಗೆ ಸೇರಬಾರದು, ವಿಷದ ಗಾಳಿ ಏಳುತ್ತದೆ.

ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಗೆ ಬಿಡುವ ಬೇಡದ ನೀರನ್ನು ಹಲವು ಮನೆಗಳಲ್ಲಿ ಬಟ್ಟೆಗೆ ಬಳಸುತ್ತಾರೆ. ನೀರು ಉಳಿಸುವ ಮನಸ್ಸು ದೊಡ್ಡದು, ಆದರೆ ಆ ನೀರಿನಲ್ಲಿ ಲವಣ ಮೊದಲಿಗಿಂತ ಜಾಸ್ತಿ ಇರುತ್ತದೆ. ನೆಲ ಒರೆಸಲು, ಶೌಚಾಲಯಕ್ಕೆ, ಮಣ್ಣಿನ ಬಟ್ಟೆಯ ಮೊದಲ ಅದ್ದಿಗೆ ಬಳಸಿ. ಜಾಲಿಸಲು ಬೇಡ. ಜಾಲಿಸಲು ಮಳೆ ನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. 100 ಚದರ ಮೀಟರ್ ಚಾವಣಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2000 ಲೀಟರ್ ನೀರು. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆಯವರು ನಾವು, ಇದನ್ನು ಚರಂಡಿಗೆ ಬಿಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಮೆಷಿನ್. ಹಳ್ಳಿ ಮನೆಗೆ ತಲಾ ದಿನಕ್ಕೆ 55 ಲೀಟರ್ ನೀರು ಎಂಬುದು ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲಜೀವನ್ ಮಿಷನ್ನಿನ ಗುರಿ. ಆರು ಜನರಿಗೆ 330 ಲೀಟರ್. ಒಂದು ಸಲ ಮೆಷಿನ್‌ಗೆ ಬಟ್ಟೆ ಹಾಕಿ ಎರಡು ಸಲ ಜಾಲಿಸಿದರೆ 100 ಲೀಟರ್ ದಾಟುತ್ತದೆ. ಅರ್ಧ ತುಂಬಿದ ಮೆಷಿನ್ ದಿನಾ ಓಡಿಸಿದರೆ ಮನೆಯ ನೀರಿನ ಮೂರರಲ್ಲೊಂದು ಪಾಲು ಅಲ್ಲಿಗೇ ಹೋಯಿತು. ಸೆಮಿ ಆಟೋಮ್ಯಾಟಿಕ್‌ನಲ್ಲಿ ಒಂದು ದೊಡ್ಡ ಅನುಕೂಲ ಇದೆ: ನೀರು ಬಿಡುವುದು ನಿಮ್ಮ ಕೈಯಲ್ಲಿದೆ. ಮೊದಲು ಬಿಳಿ ಬಟ್ಟೆ, ಅದೇ ಸೋಪು ನೀರಿಗೆ ಆಮೇಲೆ ಬಣ್ಣದ ಬಟ್ಟೆ, ಕೊನೆಗೆ ಹೊಲದ ಬಟ್ಟೆ. ಒಂದು ಸುತ್ತಿನ ಕೊನೆಯ ಜಾಲು ನೀರು ಮುಂದಿನ ಸುತ್ತಿನ ಮೊದಲ ಜಾಲಿಗೆ. ಔಷಧಿ ಬಟ್ಟೆ ಮಾತ್ರ ಮೆಷಿನ್ನಿಗೇ ಬೇಡ. ತುಂಬುವಾಗ ಬಟ್ಟೆಯ ಮೇಲೆ ಒಂದು ಗೇಣು ಜಾಗ ಬಿಡಿ, ತುರುಕಿದರೆ ಬಟ್ಟೆ ತಿರುಗುವುದಿಲ್ಲ. ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಹಾಕಿ. ಅರ್ಧ ಗಂಟೆ ನೆನೆದರೆ ಸಾಕು. ರಾತ್ರಿಯಿಡೀ ನೆನೆಸಿದರೆ ಬಿಟ್ಟ ಕೊಳೆ ಮತ್ತೆ ಬಟ್ಟೆಗೇ ಹತ್ತುತ್ತದೆ, ವಾಸನೆ ಬೇರೆ.

ನೊರೆ ಜಾಸ್ತಿ ಬರಲಿ ಅಂತ ಪುಡಿ ಸುರಿಯಬೇಡಿ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಎದ್ದು ಜನ ಗಾಬರಿಯಾಗಿದ್ದರು, ನೆನಪಿದೆಯಾ? ಊರಿನ ಕೊಳಚೆ ನೀರಿನಲ್ಲಿ ನೊರೆ ಏಳಿಸುವುದರಲ್ಲಿ ಬಟ್ಟೆ ಪುಡಿಯ ಪಾಲು ದೊಡ್ಡದು. ನಾವು ಚೆಲ್ಲಿದ್ದು ಯಾವುದೋ ಕೆರೆಗೆ ಸೇರುತ್ತದೆ. ಕೈದೋಟಕ್ಕೂ ಸೋಪಿನ ಮೊದಲ ನೀರು ಹಾಕಬೇಡಿ, ಅದರ ಸೋಡಾ ಮಣ್ಣನ್ನು ಚೌಳು ಮಾಡುತ್ತದೆ. ಕೊನೆಯ ಜಾಲು ನೀರು ತೆಂಗಿಗೆ, ಬಾಳೆಗೆ ಆಗುತ್ತದೆ.

ಹಾಗಾದರೆ ನಿಮ್ಮ ಮನೆಗೆ ನನ್ನ ಸಲಹೆ: ದಿನಾ ಒಂದು ಸಣ್ಣ ಬಕೆಟ್, ಮೆಷಿನ್ ವಾರಕ್ಕೆ ಎರಡು ದಿನ. ನಲ್ಲಿ ನೀರು ಬಂದ ದಿನ ಒಂದು, ನಡುವೆ ಇನ್ನೊಂದು. ಬೆಡ್‌ಶೀಟ್ ಯಾವುದಾದರೂ ಒಂದು ದಿನಕ್ಕೆ ಸೇರಲಿ. ಆಷಾಢದ ಮೋಡ ಇದ್ದರೆ ಬಿಸಿಲು ಬರುವವರೆಗೆ ಕಾಯಿರಿ, ಆದರೆ ಒದ್ದೆ ಬಟ್ಟೆಯನ್ನು ರಾಶಿ ಹಾಕಿ ಕಾಯಬೇಡಿ.

ಮನೆಯಲ್ಲಿ ಕಾಯಿಲೆ ಬಂದಾಗ ಈ ಲೆಕ್ಕ ಇಲ್ಲ. ಯಾರಿಗಾದರೂ ಹುಳುಕಡ್ಡಿ ಇದ್ದರೆ ಅವರ ಬಟ್ಟೆ, ಟವೆಲ್ ಬೇರೆ, ದಿನಾ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ ಇಸ್ತ್ರಿ ಮಾಡಿ. ಮಕ್ಕಳಿಗೆ ಕಜ್ಜಿ ಆದರೆ ಔಷಧಿ ಹಚ್ಚುವ ದಿನವೇ ಎಲ್ಲರ ಹಾಸಿಗೆ ಬಟ್ಟೆ ಬಿಸಿ ನೀರು ಕಾಣಬೇಕು. ಕಜ್ಜಿ ಹುಳು ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಒಗೆಯಲಾಗದ ರಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೆ ಸಾಕು. ಮುಟ್ಟಿನ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿ ನೀರು ರಕ್ತದ ಕಲೆಯನ್ನು ಕಚ್ಚಿಸಿಬಿಡುತ್ತದೆ. ಆಮೇಲೆ ಸೋಪು ಹಾಕಿ ಒಗೆದು ಬಿಸಿಲಲ್ಲೇ ಒಣಗಿಸಿ. ಮಂಚದ ಕೆಳಗೆ, ಬೇರೆ ಬಟ್ಟೆಯ ಮರೆಯಲ್ಲಿ ಅಲ್ಲ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇನ್ನು ನಿಮ್ಮ ಅಂಗೈ. ಬಟ್ಟೆ ಪುಡಿ ಕ್ಷಾರ, ಚರ್ಮದ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಗಡಸು ನೀರು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಗ್ಲೌಸ್ ಹಾಕಿಕೊಂಡೇ ಒಗೆಯಿರಿ. ಒಗೆದ ಮೇಲೆ ಕೈ ಒರೆಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ರಾತ್ರಿ ಮಲಗುವಾಗ ಇನ್ನೊಮ್ಮೆ. ಬಿರುಕಿನಲ್ಲಿ ರಕ್ತ, ಕೀವು ಕಂಡರೆ ಅಥವಾ ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ದಿನದ ಬಕೆಟ್ ಮನೆಯಲ್ಲಿ ಬೇರೆ ಯಾರಾದರೂ ಒಗೆಯಲಿ. ಗಂಡ ಒಗೆಯಲಿ. ಔಷಧಿ ಹೊಡೆದ ಬಟ್ಟೆಯನ್ನಂತೂ ಹೊಡೆದವರೇ ಒಗೆಯುವುದು ಸರಿ, ಒಡೆದ ಅಂಗೈ ಅದರ ಹತ್ತಿರವೂ ಹೋಗಬಾರದು.